ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಮುಕ್ತ ಗ್ರಂಥಪ್ರಕಟನೆ

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಮುದ್ರಣಾಲಯವು ೧೮೯೩ರಲ್ಲಿ ಸ್ಥಾಪಿತವಾಯಿತು. ಅಧ್ಯಾಪಕರ ಸಂಶೋಧನೆಗಳನ್ನು ಲೋಕಕ್ಕೆ ಮುಟ್ಟಿಸುವುದೇ ಅದರ ಮೂಲೋದ್ದೇಶವಾಗಿದ್ದಿತು. ಕಾಲಕ್ರಮದಲ್ಲಿ ಶೋಧಗ್ರಂಥಗಳ ಬೆಲೆಯು ಏರಿ, ಅಲ್ಪಧನವುಳ್ಳ ಗ್ರಂಥಭಂಡಾರಗಳಿಗೆ ಅವು ದುರ್ಲಭವಾದುವು. ವಿದ್ವತ್ಪ್ರಬಂಧಗಳು ಸರ್ವರಿಗೂ ಮೂಲ್ಯವಿಲ್ಲದೆ ದೊರೆಯಬೇಕೆಂದು ೨೦೦೨ರ ಬುಡಾಪೆಸ್ಟ್ ಘೋಷಣೆಯು ಸಾರಿತು. ೨೦೧೫ರಲ್ಲಿ ಈ ಮುದ್ರಣಾಲಯವು ಅದೇ ತತ್ತ್ವವನ್ನು ಗ್ರಂಥಗಳಿಗೂ ಅನ್ವಯಿಸಿ, 'ಲುಮಿನಾಸ್' ಎಂಬ ಯೋಜನೆಯನ್ನು ಆರಂಭಿಸಿತು. ಇತಿಹಾಸ, ಸಮಾಜಶಾಸ್ತ್ರ, ಮಾನವಶಾಸ್ತ್ರ ಮೊದಲಾದ ವಿಷಯಗಳ ಗ್ರಂಥಗಳು ಎಂದಿನಂತೆ ತಜ್ಞರಿಂದ ಪರೀಕ್ಷಿತವಾಗಿಯೇ ಇದರಲ್ಲಿ ಪ್ರಕಟವಾಗುತ್ತವೆ.

೨೦೧೭ರಲ್ಲಿ ಪ್ರಾಕೃತಭಾಷೆಯ ಇತಿಹಾಸವನ್ನು ಕುರಿತ ಆಂಡ್ರ್ಯೂ ಆಲೆಟ್ಟರ ಗ್ರಂಥವು ಹೀಗೆಯೇ ಹೊರಬಂದಿತು. ತತ್ಸಮ, ತದ್ಭವ, ದೇಶ್ಯವೆಂಬ ಪ್ರಾಕೃತವೈಯಾಕರಣರ ವಿಭಾಗವನ್ನು ಕನ್ನಡ ವ್ಯಾಕರಣವೂ ಬಳಸಿಕೊಂಡಿರುವುದರಿಂದ, ಕನ್ನಡದ ಅಧ್ಯಾಪಕರಿಗೂ ಅದು ಉಪಾದೇಯವಾದುದು.

ವಾಚಕನು ಬೆಲೆ ಕೊಡದಿದ್ದರೂ ಗ್ರಂಥಕ್ಕೆ ವೆಚ್ಚವು ತಪ್ಪದು. ಅದನ್ನು ಗ್ರಂಥಕರ್ತನ ಸಂಸ್ಥೆ, ಮುದ್ರಣಾಲಯ, ಸದಸ್ಯ ಗ್ರಂಥಭಂಡಾರಗಳು ಹಂಚಿಕೊಳ್ಳುತ್ತವೆ. ಹಣ ತೆರುವ ಸಂಸ್ಥೆಯಿಲ್ಲದ ವಿದ್ವಾಂಸನಿಗೆ ಓದುವ ಬಾಗಿಲು ತೆರೆದು, ಪ್ರಕಟಿಸುವ ಬಾಗಿಲು ಮುಚ್ಚುವ ಭಯವು ಇಲ್ಲಿಯೇ ಇರುವುದು. ಇದನ್ನರಿತು ಸದಸ್ಯರ ದ್ರವ್ಯದಿಂದ ಅಂಥವರಿಗೆ ನೆರವೀಯುವ ಏರ್ಪಾಡನ್ನೂ ಮಾಡಲಾಯಿತು. ಆದುದರಿಂದ ಇಂಥ ಪ್ರಕಟನೆಯ ಸಾರ್ಥಕ್ಯವನ್ನು ಓದಿದವರ ಸಂಖ್ಯೆಯೊಂದರಿಂದಲೇ ಅಳೆಯಲಾಗದು. ನಿರ್ಧನನಾದ ವಿದ್ವಾಂಸನ ಗ್ರಂಥವೂ ಬೆಳಕು ಕಂಡಿತೇ ಎಂಬುದೇ ಅದರ ನಿಕಷ.