ಬೇಡವಾದ ಹುಡುಗಿಯ ನಗು: ದಾವಣಗೆರೆಯ ರಂಗದಿಂದ ನ್ಯೂಜೆರ್ಸಿಯ ತೆರೆಯವರೆಗೆ

ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿ ಊರೂರಿಗೆ ಕೊಂಡೊಯ್ದ ನಾಟಕಗಳಲ್ಲಿ ‘ಹಳ್ಳಿ ಹುಡುಗಿ’ ಮತ್ತು ‘ಪೊಲೀಸನ ಮಗಳು’ ಜನರ ನೆನಪಿನಲ್ಲಿ ಗಟ್ಟಿಯಾಗಿ ಉಳಿದವು. ಎರಡರ ಹೆಸರಲ್ಲೂ ಇರುವುದು ಒಬ್ಬ ಹುಡುಗಿ. ತಂದೆ ಚಿಂದೋಡಿ ವೀರಪ್ಪ ಕಟ್ಟಿದ ಕಂಪನಿಯನ್ನು ಮುನ್ನಡೆಸಿದ ಚಿಂದೋಡಿ ಲೀಲಾ ನಟಿಯೂ ಹೌದು, ಮಾಲಕಿಯೂ ಹೌದು. 1988ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಕರ್ನಾಟಕ ನಾಟಕ ಅಕಾಡೆಮಿಯ ಅಧ್ಯಕ್ಷ ಸ್ಥಾನದಲ್ಲೂ ಕುಳಿತರು, 2010ರಲ್ಲಿ ತೀರಿಕೊಂಡರು. ಕಂಪನಿ ರಂಗಭೂಮಿಯಲ್ಲಿ ಹೆಣ್ಣು ಪಾತ್ರಕ್ಕೆ ಅಳುವ ಹಕ್ಕಿನ ಜೊತೆಗೆ ನಗಿಸುವ ಹಕ್ಕೂ ಇತ್ತು. ಎದುರು ಮಾತಾಡಿ, ಚುಚ್ಚಿ, ಪ್ರೇಕ್ಷಕರ ಶಿಳ್ಳೆ ಗಿಟ್ಟಿಸುವ ಹುಡುಗಿಯರು ಅಲ್ಲಿ ಸಾಮಾನ್ಯವಾಗಿದ್ದರು.

ಕನ್ನಡದ ಹೊಸ ಅಲೆಯ ಚಿತ್ರಗಳಿಗೆ ಬರುವಷ್ಟರಲ್ಲಿ ಆ ಹಕ್ಕು ಬಹುಮಟ್ಟಿಗೆ ಕೈತಪ್ಪಿತು. ಹದಿಹರೆಯದ ಹುಡುಗಿಯ ನೋವನ್ನು ನಮ್ಮ ಚಿತ್ರಗಳು ಆಳವಾಗಿ ಕಂಡವು. ಆದರೆ ಅವಳ ಸಣ್ಣತನ, ಹೊಟ್ಟೆಕಿಚ್ಚು, ಮೊಂಡುತನಗಳನ್ನು ತೋರಿಸಿಯೂ ಅವಳ ಪಕ್ಕ ನಿಲ್ಲುವ ಧೈರ್ಯ ಅವುಗಳಿಗೆ ವಿರಳವಾಗಿ ಬಂತು. ಈ ಕೊರತೆಯ ಅಳತೆ ಸಿಗಬೇಕಾದರೆ ಅಮೆರಿಕದ ಒಂದು ಸಣ್ಣ ಚಿತ್ರವನ್ನು ನೋಡಬೇಕು.

ಟಾಡ್ ಸೊಲೊಂಡ್ಜ್ ಬರೆದು, ನಿರ್ದೇಶಿಸಿ, ನಿರ್ಮಿಸಿದ ‘ವೆಲ್‌ಕಮ್ ಟು ದ ಡಾಲ್‌ಹೌಸ್’ 1995ರಲ್ಲಿ ಟೊರೊಂಟೊ ಚಿತ್ರೋತ್ಸವದಲ್ಲಿ ಮೊದಲು ತೆರೆ ಕಂಡಿತು. ಮರುವರ್ಷ ಸನ್‌ಡ್ಯಾನ್ಸ್ ಉತ್ಸವದ ಗ್ರ್ಯಾಂಡ್ ಜ್ಯೂರಿ ಪ್ರಶಸ್ತಿಯೂ ಅದಕ್ಕೇ ಸಿಕ್ಕಿತು. ಖರ್ಚು ಸುಮಾರು 8 ಲಕ್ಷ ಡಾಲರ್. ಹಾಲಿವುಡ್ ಲೆಕ್ಕದಲ್ಲಿ ಪುಡಿಗಾಸು. ಸೊಲೊಂಡ್ಜ್ ಅದಕ್ಕೂ ಮೊದಲು 1989ರಲ್ಲಿ ಒಂದು ಚಿತ್ರ ಮಾಡಿ, ಮನಸ್ಸು ಮುರಿದು, ಸಿನಿಮಾ ಬಿಟ್ಟು, ವಲಸೆ ಬಂದವರಿಗೆ ಇಂಗ್ಲಿಷ್ ಕಲಿಸುತ್ತಿದ್ದರು.

ಚಿತ್ರದ ನಾಯಕಿ ಡಾನ್ ವೀನರ್, ನ್ಯೂಜೆರ್ಸಿಯ ಬಡಾವಣೆಯೊಂದರ ಏಳನೇ ತರಗತಿಯ ಹುಡುಗಿ. ದಪ್ಪ ಕನ್ನಡಕ, ಹೊಂದಿಕೆಯಾಗದ ಬಟ್ಟೆ. ಶಾಲೆಯ ಊಟದ ಕೋಣೆಯಲ್ಲಿ ತಟ್ಟೆ ಹಿಡಿದು ಕೂರಲು ಜಾಗ ಹುಡುಕುವ ಅವಳಿಗೆ ಯಾರ ಪಕ್ಕವೂ ಜಾಗವಿಲ್ಲ. ಮನೆಯಲ್ಲಿ ಅವಳು ನಡುವಿನ ಮಗು. ಅಣ್ಣ ಮಾರ್ಕ್‌ಗೆ ಒಳ್ಳೆಯ ಕಾಲೇಜಿನ ಚಿಂತೆ. ಬ್ಯಾಲೆ ಉಡುಪಿನಲ್ಲಿ ಕುಣಿಯುವ ತಂಗಿ ಮಿಸ್ಸಿ ಎಲ್ಲರ ಮುದ್ದು. ಒಂದು ದೃಶ್ಯದಲ್ಲಿ ಅಮ್ಮ, ಹಿತ್ತಿಲಲ್ಲಿ ಡಾನ್ ಕಟ್ಟಿಕೊಂಡ ಗುಡಿಸಲನ್ನು ಕೆಡವಲು ಹೇಳುತ್ತಾಳೆ. ಡಾನ್ ಒಪ್ಪುವುದಿಲ್ಲ. ಆಗ ಅಮ್ಮ ಅವಳ ಪಾಲಿನ ಕೇಕನ್ನು ಅವಳ ಕಣ್ಣೆದುರೇ ಅಣ್ಣನಿಗೂ ತಂಗಿಗೂ ಹಂಚಿಬಿಡುತ್ತಾಳೆ. ಹೊಡೆತವಿಲ್ಲ, ಬೈಗುಳವಿಲ್ಲ. ನೋಡುವವರಿಗೆ ನಗು ಬರುತ್ತದೆ. ನಕ್ಕದ್ದಕ್ಕೆ ಮರುಕ್ಷಣವೇ ಸಂಕಟವಾಗುತ್ತದೆ. ಕಪ್ಪು ಹಾಸ್ಯದ ಕೆಲಸ ನಡೆಯುವುದೇ ಈ ಎರಡರ ನಡುವೆ.

ಸೊಲೊಂಡ್ಜ್ ಇಲ್ಲಿಗೇ ನಿಲ್ಲುವುದಿಲ್ಲ. ಶಾಲೆಯಲ್ಲಿ ತನಗೆ ಬಿದ್ದ ಬೈಗುಳವನ್ನೇ ಡಾನ್ ಮನೆಗೆ ತಂದು ತಂಗಿಯ ಮೇಲೆ ಎಸೆಯುತ್ತಾಳೆ. ಮಲಗಿದ್ದ ಮಿಸ್ಸಿಯ ಬಳಿ ಸುತ್ತಿಗೆ ಎತ್ತಿ ನಿಲ್ಲುತ್ತಾಳೆ. ಅಮ್ಮ ಕೊಟ್ಟ ಒಂದು ಸಂದೇಶವನ್ನು ಸಿಟ್ಟಿನಲ್ಲಿ ತಂಗಿಗೆ ಹೇಳದೆ ಬಿಡುತ್ತಾಳೆ. ಅದರಿಂದಲೇ ತಂಗಿ ಅಪಹರಣಕ್ಕೆ ಸಿಕ್ಕಿಬೀಳುತ್ತಾಳೆ. ತುಳಿಸಿಕೊಂಡವಳು ಅವಕಾಶ ಸಿಕ್ಕಾಗ ತುಳಿಯುತ್ತಾಳೆ ಎಂಬ ಸತ್ಯವನ್ನು ಚಿತ್ರ ಮುಚ್ಚಿಡುವುದಿಲ್ಲ. ಅವಳ ಬಗೆಗಿನ ಮಮತೆಯೂ ಅದರಿಂದ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಡಾನ್ ಆಗಿ ನಟಿಸಿದ ಹೆದರ್ ಮಾತಾರಾಜೊ ಆ ಕಠಿಣ ಸಮತೋಲವನ್ನು ಎಳೆಯ ವಯಸ್ಸಿನಲ್ಲೇ ಸಾಧಿಸಿದ್ದು ಅಚ್ಚರಿ.

ಈಗ ಕನ್ನಡದ ಕಡೆ ತಿರುಗಬೇಕು. ಪುಟ್ಟಣ್ಣ ಕಣಗಾಲ್ ಅವರ ‘ಗೆಜ್ಜೆಪೂಜೆ’ (1969) ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿದ್ದು. ಹುಟ್ಟಿದ ಮನೆಯ ಕಾರಣಕ್ಕೇ ಸಮಾಜ ದೂರವಿಟ್ಟ ಚಂದ್ರಾಳ ಪಾತ್ರದಲ್ಲಿ ಕಲ್ಪನಾ ಮರೆಯಲಾಗದಂತೆ ನಟಿಸಿದರು. ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’ (1977) ರಾಷ್ಟ್ರಪತಿಗಳ ಸ್ವರ್ಣಕಮಲ ಪಡೆಯಿತು. ಬಸಿರಾದ ಎಳೆ ವಿಧವೆ ಯಮುನಕ್ಕನನ್ನು ಅಲ್ಲಿ ನಾವು ನೋಡುವುದು ಬಹುಪಾಲು ನಾಣಿ ಎಂಬ ಹುಡುಗನ ಕಣ್ಣಿಂದ. ಪ್ರೇಮಾ ಕಾರಂತರ ‘ಫಣಿಯಮ್ಮ’ (1983) ಬಾಲವಿಧವೆಯೊಬ್ಬಳ ಇಡೀ ಬದುಕನ್ನು ಹಿಡಿಯುತ್ತದೆ. ಮೂರೂ ದೊಡ್ಡ ಚಿತ್ರಗಳು. ಮೂರರಲ್ಲೂ ಹುಡುಗಿ ನಿರ್ದೋಷಿ. ಅವಳು ನಿರ್ದೋಷಿಯಾದ್ದರಿಂದಲೇ ನಮ್ಮ ಕಣ್ಣೀರಿಗೆ ಅರ್ಹಳು ಎಂಬ ಕರಾರು ಪ್ರೇಕ್ಷಕರಿಗೂ ಚಿತ್ರಕ್ಕೂ ನಡುವೆ ಸದ್ದಿಲ್ಲದೆ ಏರ್ಪಟ್ಟಿತ್ತು. ಬಾಲವಿವಾಹ, ಕೇಶಮುಂಡನ, ಬಹಿಷ್ಕಾರಗಳ ವಿರುದ್ಧ ಜನರ ಮನಸ್ಸು ತಿರುಗಿಸಬೇಕಿದ್ದ ಕಾಲದಲ್ಲಿ ಅದು ಅಗತ್ಯವೂ ಆಗಿತ್ತು.

ಆ ಕರಾರನ್ನು ಸಡಿಲಿಸಿದವರು ಕಥೆಗಾರ್ತಿ ವೈದೇಹಿ. ಅವರ ಕಥೆಯ ಅಕ್ಕು ಮನೆಮಂದಿಯ ನಗೆಪಾಟಲಿಗೆ ಸಿಕ್ಕವಳು. ಆದರೆ ಆ ಮನೆಯ ಗುಟ್ಟುಗಳನ್ನು ಜಗಲಿಗೆ ಎಳೆಯುವವಳೂ ಅವಳೇ. ಅಮ್ಮಚ್ಚಿಯಂತೂ ಹರೆಯದ ಹಟದ ಹುಡುಗಿ, ತನಗಿಷ್ಟವಾದ ರವಿಕೆ ತೊಡುವ ಹಕ್ಕಿಗಾಗಿಯೂ ಜಗಳವಾಡಬೇಕಾದವಳು. ಚಂಪಾ ಶೆಟ್ಟಿ ಈ ಕಥೆಗಳನ್ನು ಹೆಣೆದು 2018ರಲ್ಲಿ ‘ಅಮ್ಮಚ್ಚಿಯೆಂಬ ನೆನಪು’ ಮಾಡಿದಾಗ, ಕುಂದಾಪುರದ ಕಡೆಯ ಮಾತಿನ ಮೊನಚಿನೊಂದಿಗೆ ಕಹಿ ನಗುವೂ ತೆರೆಗೆ ಬಂತು.

ಶಾಲೆ-ಕಾಲೇಜಿನ ಆವರಣದ ಕ್ರೌರ್ಯಕ್ಕೆ ಹತ್ತಿರದ ಉದಾಹರಣೆ ಪೃಥ್ವಿ ಕೊಣನೂರು ಅವರ ‘ಹದಿನೇಳೆಂಟು’. 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡು, ಅದೇ ವರ್ಷ ಗೋವಾದ ಉತ್ಸವದಲ್ಲಿ ಇಂಡಿಯನ್ ಪನೋರಮಾದ ಉದ್ಘಾಟನಾ ಚಿತ್ರವಾಯಿತು. ದೀಪಾ ಮತ್ತು ಹರಿ ಎಂಬ ವಿದ್ಯಾರ್ಥಿಗಳ ಖಾಸಗಿ ವಿಡಿಯೊ ಹೊರಬೀಳುತ್ತದೆ. ಆಡಳಿತ ಮಂಡಳಿಯ ವಿಚಾರಣೆ ಶುರುವಾಗುತ್ತದೆ. ತಪ್ಪಿನ ತೂಕ ಜಾತಿ ಮತ್ತು ಲಿಂಗಕ್ಕೆ ತಕ್ಕಂತೆ ಬದಲಾಗುತ್ತದೆ. ಇದು ಹಾಸ್ಯಚಿತ್ರವಲ್ಲ. ಆದರೂ ಹಿರಿಯರು ಮೇಜಿನ ಸುತ್ತ ಕುಳಿತು ನಿಯಮಗಳ ಹೆಸರಲ್ಲಿ ಎಳೆಯರ ಬದುಕನ್ನು ತೂಗುವ ದೃಶ್ಯಗಳು, ಡಾನ್‌ಗೆ ಶಿಕ್ಷೆಯಾಗಿ ಘನತೆಯ ಬಗ್ಗೆ ಪ್ರಬಂಧ ಬರೆಸುವ ಶಿಕ್ಷಕಿಯನ್ನು ನೆನಪಿಗೆ ತರುತ್ತವೆ.

ಹಾಗಾದರೆ ಡಾನ್‌ಗೆ ಸಾಟಿಯಾಗುವ ಕನ್ನಡದ ಹುಡುಗಿ ಎಲ್ಲಿಂದ ಬರಬೇಕು? ಅಗ್ರಹಾರದಿಂದಲ್ಲ, ಬಹುಶಃ ಹರಿಹರದಂಥ ಊರಿನಿಂದ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಇಲ್ಲಿ ಲೇತ್ ಯಂತ್ರಗಳ ಕಾರ್ಖಾನೆ ತೆರೆದ ಮೇಲೆ, ತುಂಗಭದ್ರೆಯ ದಡದ ಈ ದೇವಸ್ಥಾನದ ಊರಿಗೆ ಸಂಬಳದ ಬದುಕು, ಕ್ವಾರ್ಟರ್ಸು, ಅಕ್ಕಪಕ್ಕದ ಮನೆಯ ಮಕ್ಕಳ ಅಂಕಪಟ್ಟಿಯ ಹೋಲಿಕೆ ಎಲ್ಲ ಬಂದವು. ಮುಂದೆ ಕಾರ್ಖಾನೆ ಬಾಗಿಲು ಹಾಕಿತು, ಹೋಲಿಕೆ ನಿಲ್ಲಲಿಲ್ಲ. ಹತ್ತಿ ಗಿರಣಿಗಳ ದಾವಣಗೆರೆ ಕಾಲೇಜುಗಳ ಊರಾಯಿತು. ಹರಿಹರದಿಂದ ಬೆಳಿಗ್ಗೆ ಬಸ್ಸು, ರೈಲು ಹಿಡಿದು ಅಲ್ಲಿಗೆ ಓದಲು ಹೋಗುವ ಹುಡುಗಿಯರಲ್ಲಿ ಪಕ್ಕದ ಸೀಟು ಖಾಲಿಯೇ ಉಳಿಯುವವಳೊಬ್ಬಳು ಇದ್ದೇ ಇರುತ್ತಾಳೆ. ಅವಳ ಚಿತ್ರಕಥೆ ಬರೆಯುವವರು ಅವಳಿಗೆ ಕಣ್ಣೀರಷ್ಟನ್ನೇ ಕೊಟ್ಟರೆ ಸಾಲದು, ಹೊಟ್ಟೆಕಿಚ್ಚನ್ನೂ ಒರಟು ಮಾತನ್ನೂ ಕೊಡಬೇಕು. ಆ ಮಾತಿನ ವರಸೆಗೆ ಅವರು ನ್ಯೂಜೆರ್ಸಿಯವರೆಗೆ ಹೋಗಬೇಕಾಗಿಲ್ಲ. ಚಿಂದೋಡಿ ಕಂಪನಿಯ ನಾಟಕಗಳಲ್ಲಿ ಅದು ಸಿಗುತ್ತದೆ.