ಕೂಲಿಮಠದ ಮಗ್ಗಿಯೂ ತೆಂಗಿನ ಸೀಮೆಯ ಮಗುವೂ

ಮೈಸೂರು ಸಂಸ್ಥಾನದ ಶಿಕ್ಷಣಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸರ್ಕಾರದ ಆಜ್ಞೆಗಳಿಂದ ತೊಡಗುತ್ತಾರೆ: 1868ರ ಹೋಬಳಿ ಶಾಲೆಗಳ ಯೋಜನೆ, 1913ರ ಪ್ರಾಥಮಿಕ ಶಿಕ್ಷಣ ಶಾಸನ. ಮಗು ಮನೆಯಿಂದ ಶಾಲೆಗೆ ಏನನ್ನು ತಂದಿತೆಂಬ ಪ್ರಶ್ನೆ ಅಲ್ಲಿ ಅಪರೂಪ.

ತಿಪಟೂರು ತಾಲ್ಲೂಕಿನ ಬಿಳಿಗೆರೆಯಂತಹ ಗ್ರಾಮವನ್ನು ತೆಗೆದುಕೊಳ್ಳೋಣ. ಈ ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಇಡುತ್ತಾರೆ. ನೀರು ಇಂಗಿ, ಚಿಪ್ಪಿನೊಳಗೆ ಗಿಟುಕು ಅಲುಗುವ ಸದ್ದಿನಿಂದಲೇ ಕೊಬ್ಬರಿಯಾಯಿತೆಂದು ತಿಳಿಯುತ್ತಾರೆ. ತೋಟವುಳ್ಳ ಮನೆಯ ಮಗುವಿಗೆ ಎಣಿಕೆ, ಧಾರಣೆಗಳು ಅಕ್ಷರಕ್ಕಿಂತ ಮೊದಲೇ ಪರಿಚಿತ. ಕೂಲಿಮಠದ ಅಯ್ಯನವರು ಮರಳಿನ ಮೇಲೆ ತಿದ್ದಿಸಿ, ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದುದು ಈ ಲೋಕಕ್ಕೆ ಒಪ್ಪುವಂತಿತ್ತು. ಹದಿನಾರಾಣೆಯ ರೂಪಾಯಿ, ನಾಲ್ಕು ಪಾವಿನ ಸೇರು, ಎಲ್ಲವೂ ಕಾಲುಕಾಲಾಗಿ ಒಡೆಯುವಂಥವು. 1957ರಲ್ಲಿ ದಶಮಾಂಶ ನಾಣ್ಯ ಬಂದಾಗ ಆ ಮಗ್ಗಿಗಳು ತಮ್ಮ ಆಸರೆಯನ್ನು ಕಳೆದುಕೊಂಡವು. ಅವನ್ನು ಬರಿಯ ಗಿಳಿಪಾಠವೆಂದು ಹಳಿಯುವುದು ನನಗೆ ಸರಿತೋರದು. ಬೆತ್ತವನ್ನು ಮಾತ್ರ ಸಮರ್ಥಿಸಲಾರೆ.

ಆದರೆ ಈ ಹೊಂದಿಕೆ ಯಾರ ಪಾಲಿನದು? ಕೂಲಿಮಠವು ಪೋಷಕರು ಕೊಡುವ ಕಾಳು ಕಾಸುಗಳಿಂದ ನಡೆಯುತ್ತಿತ್ತು. ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಅದರ ಜಗುಲಿಯೇ ನಿಷಿದ್ಧ. ಅದೇ ತೋಟದಲ್ಲಿ ಕಾಯಿ ಹೊತ್ತು ಸುಲಿದವರ ಮಕ್ಕಳಿಗೂ ಎಣಿಕೆ ತಿಳಿದಿತ್ತು. ಆ ತಿಳಿವಳಿಕೆ ಹಲಗೆಯ ಮೇಲೆ ಬರಲಿಲ್ಲ. ಸರ್ಕಾರಿ ಶಾಲೆಯ ಬಾಗಿಲು ತೆರೆದ ಮೇಲೂ ಅಂತಹ ಮಗುವನ್ನು ಮಂದಬುದ್ಧಿಯೆಂದು ಹಿಂದಿನ ಸಾಲಿನಲ್ಲಿ ಕೂರಿಸಿದುದುಂಟು.

ಹಳೆಯ ಹಾಜರಿ ಪುಸ್ತಕಗಳು ಉಳಿದಿರುವ ಶಾಲೆಗಳಲ್ಲಿ, ಯಾವ ಮನೆಯ ಮಗು ಯಾವ ತಿಂಗಳು ಗೈರುಹಾಜರಾಯಿತೆಂಬುದನ್ನು ಕಾಯಿ ಕೆಡವುವ ಕಾಲದೊಡನೆ ಹೋಲಿಸಿ ನೋಡುವ ಕಾರ್ಯವನ್ನು ನಮ್ಮ ವಿದ್ಯಾರ್ಥಿಗಳು ಕೈಕೊಳ್ಳಬಹುದು.