ಮೈದಾನ ಕಾಣದ ಕಡೆ ಒಂದು ಗ್ಲಾಸು ಬಿಯರು

2025ರ ಮೇ 18ರ ಭಾನುವಾರ ಲಿವರ್‌ಪೂಲ್ ನಗರದ ಗೂಡಿಸನ್ ಪಾರ್ಕಿನಲ್ಲಿ ಎವರ್ಟನ್ ಕ್ಲಬ್ಬಿನ ಪುರುಷರ ತಂಡ ತನ್ನ ಕೊನೆಯ ಪಂದ್ಯ ಆಡಿ ಸೌತಾಂಪ್ಟನ್ ತಂಡವನ್ನು 2–0ಯಿಂದ ಸೋಲಿಸಿತು. 1892ರಿಂದ ಬಾಳಿದ ಮನೆ ಅದು. ಹೊಸ ಮನೆ ಮರ್ಸಿ ನದಿಯ ದಂಡೆಯಲ್ಲಿ, ಬ್ರ್ಯಾಮ್ಲಿ-ಮೂರ್ ಎಂಬ ಹಳೆಯ ಹಡಗುಕಟ್ಟೆಯನ್ನು ತುಂಬಿಸಿ ಕಟ್ಟಿದ್ದು. ಅಲ್ಲಿ 52 ಸಾವಿರಕ್ಕೂ ಮೀರಿದ ಆಸನಗಳಿವೆ. ಅಜ್ಜ ಕೂತ ಜಾಗ, ಅಪ್ಪ ಕೂತ ಜಾಗ ಎಂದು ಹೇಳಿಕೊಂಡು ಅತ್ತವರು ಅಂದು ಬಹಳ ಮಂದಿ. ಆದರೆ ಎವರ್ಟನ್ ಆ ಜಾಗಕ್ಕೆ ಬಂದದ್ದೇ ಬಾಡಿಗೆ ಮತ್ತು ಬಿಯರಿನ ಜಗಳದಿಂದ.

ಅದಕ್ಕೂ ಮೊದಲು ಕ್ಲಬ್ಬು ಆಡುತ್ತಿದ್ದದ್ದು ಆ್ಯನ್‌ಫೀಲ್ಡಿನಲ್ಲಿ. ಅಲ್ಲಿನ ಯಜಮಾನಿಕೆ ಜಾನ್ ಹೌಲ್ಡಿಂಗ್ ಅವರದು. ಬಿಯರ್ ತಯಾರಿಸುವ ವ್ಯಾಪಾರಿ, ಊರ ರಾಜಕಾರಣಿ. ಆಟಗಾರರು ಬಟ್ಟೆ ಬದಲಾಯಿಸುತ್ತಿದ್ದದ್ದೂ ಮೈದಾನದ ಪಕ್ಕದ ಅವರದೇ ಸ್ಯಾಂಡನ್ ಎಂಬ ಪಬ್ಬಿನಲ್ಲಿ. ವರ್ಷಕ್ಕೆ 100 ಪೌಂಡಿದ್ದ ಬಾಡಿಗೆ 250ಕ್ಕೆ ಏರಿತು. ಮೈದಾನದಲ್ಲಿ ಪಾನೀಯ ಮಾರುವ ಹಕ್ಕು ತನಗೊಬ್ಬನಿಗೇ ಇರಬೇಕೆಂಬ ಷರತ್ತೂ ಬಂತು. ಕ್ಲಬ್ಬಿನ ಇನ್ನೊಂದು ಬಣದ ಮುಂದಾಳು ಜಾರ್ಜ್ ಮ್ಯಾಹನ್ ಇಗರ್ಜಿಯಲ್ಲಿ ಆರ್ಗನ್ ನುಡಿಸುವವರು. ಆ ಬಣದಲ್ಲಿ ಕುಡಿತವನ್ನೇ ವಿರೋಧಿಸುವವರೂ ಇದ್ದರು. 1892ರಲ್ಲಿ ಅವರೆಲ್ಲ ಸ್ಟ್ಯಾನ್ಲಿ ಪಾರ್ಕ್ ದಾಟಿ ಆಚೆ ಹೋಗಿ ಗೂಡಿಸನ್ ಕಟ್ಟಿಕೊಂಡರು. ಮೈದಾನವಿದೆ, ತಂಡವಿಲ್ಲ ಎಂಬ ಸ್ಥಿತಿಯಲ್ಲಿ ಉಳಿದ ಹೌಲ್ಡಿಂಗ್ ಹೊಸದೊಂದು ತಂಡ ಕಟ್ಟಿದರು. ಅದೇ ಲಿವರ್‌ಪೂಲ್ ಎಫ್‌ಸಿ. ಹತ್ತು ವರ್ಷದ ನಂತರ ಸಾಲದಲ್ಲಿ ಮುಳುಗಿದ್ದ ನ್ಯೂಟನ್ ಹೀತ್ ಕ್ಲಬ್ಬನ್ನು ಎತ್ತಿ ಮ್ಯಾಂಚೆಸ್ಟರ್ ಯುನೈಟೆಡ್ ಮಾಡಿದವರೂ ಬಿಯರ್ ತಯಾರಕರೇ, ಜಾನ್ ಹೆನ್ರಿ ಡೇವಿಸ್. ಅವರ ಹಣದಿಂದ 1910ರಲ್ಲಿ ಓಲ್ಡ್ ಟ್ರಾಫರ್ಡ್ ತೆರೆಯಿತು. ಇಂಗ್ಲಿಷ್ ಫುಟ್‌ಬಾಲಿಗೂ ಮದ್ಯಕ್ಕೂ ನಂಟು ನಿನ್ನೆಯ ಜಾಹೀರಾತಿನದಲ್ಲ, ಬುನಾದಿಯದು.

ಆ ಕಾಲದ ಬಹುಪಾಲು ದೊಡ್ಡ ಸ್ಟ್ಯಾಂಡುಗಳ ನಕ್ಷೆ ಹಾಕಿದ ಆರ್ಚಿಬಾಲ್ಡ್ ಲೀಚ್ ಮೊದಲು ಕಾರ್ಖಾನೆಗಳ ವಿನ್ಯಾಸಕಾರ. ಅವರ ಮೈದಾನಗಳಲ್ಲೂ ಕಾರ್ಖಾನೆಯದೇ ಲೆಕ್ಕಾಚಾರ: ಸಾಧ್ಯವಾದಷ್ಟು ಜನ, ಸಾಧ್ಯವಾದಷ್ಟು ಕಡಿಮೆ ಖರ್ಚು, ನಿಂತು ನೋಡಲು ಇಳಿಜಾರಿನ ಮೆಟ್ಟಿಲು. ಊಟ, ಕುಡಿತ, ಹರಟೆ ಎಲ್ಲ ಹೊರಗೆ, ಪಬ್ಬಿನಲ್ಲಿ. ಲಂಡನ್ನಿನ ಬ್ರೆಂಟ್‌ಫರ್ಡ್ ಕ್ಲಬ್ಬಿನ ಹಳೆಯ ಗ್ರಿಫಿನ್ ಪಾರ್ಕಿನ ನಾಲ್ಕು ಮೂಲೆಗೂ ಒಂದೊಂದು ಪಬ್ ಇತ್ತು. ದೇಗುಲದ ಪ್ರಾಕಾರಕ್ಕೆ ನಾಲ್ಕು ಬಾಗಿಲಿದ್ದ ಹಾಗೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬಂದ ನಿಯಮದಿಂದ ಪಬ್ಬುಗಳು ಮಧ್ಯಾಹ್ನ ಬಾಗಿಲು ಹಾಕುತ್ತಿದ್ದವು, ಶನಿವಾರದ ಪಂದ್ಯ ಶುರುವಾಗುತ್ತಿದ್ದದ್ದು ಮೂರು ಗಂಟೆಗೆ. ಎರಡರ ನಡುವೆ ಹೆಚ್ಚು ಅಂತರವಿಲ್ಲ. ಹೀಗಾಗಿ ಊರೆಲ್ಲ ಒಂದೇ ಹೊತ್ತಿಗೆ ಗೇಟಿಗೆ ಬರುವ ಅಭ್ಯಾಸವನ್ನು ಸರ್ಕಾರದ ಗಡಿಯಾರವೇ ಬೆಳೆಸಿತು ಎನ್ನಬಹುದು.

ಮೈದಾನದೊಳಗಿನ ಕುಡಿತದ ಮೇಲೆ ಕಾನೂನಿನ ಕೈ ಮೊದಲು ಬಿದ್ದದ್ದು ಸ್ಕಾಟ್ಲೆಂಡಿನಲ್ಲಿ. 1980ರ ಮೇ 10ರಂದು ಗ್ಲ್ಯಾಸ್ಗೋದ ಹ್ಯಾಂಪ್ಡನ್ ಪಾರ್ಕಿನಲ್ಲಿ ಸೆಲ್ಟಿಕ್ ಮತ್ತು ರೇಂಜರ್ಸ್ ನಡುವೆ ಕಪ್ ಫೈನಲ್. ಸೆಲ್ಟಿಕ್ 1–0ಯಿಂದ ಗೆದ್ದ ಮೇಲೆ ಎರಡೂ ಕಡೆಯವರು ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು. ಬಾಟಲಿ, ಡಬ್ಬಿಗಳ ಮಳೆ. ಕುದುರೆ ಪೊಲೀಸರ ಓಟ. ಎಲ್ಲವೂ ಟಿವಿಯಲ್ಲಿ ನೇರ ಪ್ರಸಾರ. ಅದೇ ವರ್ಷ ಬಂದ ಕಾನೂನು ಸ್ಕಾಟ್ಲೆಂಡಿನ ಫುಟ್‌ಬಾಲ್ ಮೈದಾನಗಳಲ್ಲಿ ಸಾಮಾನ್ಯ ಪ್ರೇಕ್ಷಕರಿಗೆ ಮದ್ಯವನ್ನು ನಿಷೇಧಿಸಿತು. ಆ ನಿಷೇಧ ಇನ್ನೂ ಇದೆ. ಮರಿಫೀಲ್ಡಿನ ರಗ್ಬಿ ಪ್ರೇಕ್ಷಕರಿಗೆ ಮಾತ್ರ 2007ರಲ್ಲಿ ಬಿಡುಗಡೆ ಸಿಕ್ಕಿತು.

ಇಂಗ್ಲೆಂಡಿನ ಸರದಿ ಬಂದದ್ದು 1985ರಲ್ಲಿ. ಮಾರ್ಚ್‌ನಲ್ಲಿ ಲೂಟನ್ ಮೈದಾನದಲ್ಲಿ ಮಿಲ್‌ವಾಲ್ ಬೆಂಬಲಿಗರು ಕುರ್ಚಿ ಕಿತ್ತು ಎಸೆದರು. ಮೇ 11ರಂದು ಬ್ರ್ಯಾಡ್‌ಫರ್ಡಿನ ಮರದ ಸ್ಟ್ಯಾಂಡಿನ ಕೆಳಗೆ ವರ್ಷಗಟ್ಟಲೆ ಸೇರಿದ್ದ ಕಸಕ್ಕೆ ಬೆಂಕಿ ಬಿದ್ದು 56 ಮಂದಿ ಸತ್ತರು. ಮೇ 29ರಂದು ಬ್ರಸೆಲ್ಸಿನ ಹೈಸೆಲ್ ಸ್ಟೇಡಿಯಂನಲ್ಲಿ ಲಿವರ್‌ಪೂಲ್ ಬೆಂಬಲಿಗರ ದಾಳಿಗೆ ಹಿಂದೆ ಸರಿದ ಜನರ ಮೇಲೆ ಶಿಥಿಲ ಗೋಡೆ ಕುಸಿದು 39 ಮಂದಿ. ಈ ಮೂರರಲ್ಲಿ ಎರಡು ಕಟ್ಟಡದ ಕತೆಯೂ ಹೌದು. ಆದರೆ ಕಟ್ಟಡ ಸರಿಪಡಿಸಲು ದುಡ್ಡು ಬೇಕು, ಬಾಟಲಿ ಕಿತ್ತುಕೊಳ್ಳಲು ಒಂದು ಮಸೂದೆ ಸಾಕು. ಜುಲೈ ಮುಗಿಯುವುದರೊಳಗೆ ಕ್ರೀಡಾಕೂಟಗಳ ಮದ್ಯ ನಿಯಂತ್ರಣ ಕಾಯ್ದೆ ಜಾರಿಗೆ ಸಿದ್ಧವಾಗಿತ್ತು.

ಈ ಕಾಯ್ದೆಯ ಜೀವ ಒಂದೇ ಮಾತಿನಲ್ಲಿದೆ: ಪಂದ್ಯಕ್ಕೆ ಎರಡು ಗಂಟೆ ಮೊದಲಿನಿಂದ ಮುಗಿದು ಒಂದು ಗಂಟೆಯವರೆಗೆ, ಆಟದ ಅಂಕಣ ಕಣ್ಣಿಗೆ ಬೀಳುವ ಜಾಗದಲ್ಲಿ ಯಾರ ಕೈಯಲ್ಲೂ ಮದ್ಯ ಇರಕೂಡದು. ಅಭಿಮಾನಿಗಳ ಬಸ್ಸು, ವಿಶೇಷ ರೈಲಿನಲ್ಲೂ ಇಲ್ಲ. ಅಮಲೇರಿ ಒಳಗೆ ಬಂದರೆ ಅದೂ ಅಪರಾಧ. ಮೈದಾನದೊಳಗೆ ಮಾರಬೇಕಾದರೆ ಮ್ಯಾಜಿಸ್ಟ್ರೇಟರ ಪ್ರತ್ಯೇಕ ಆದೇಶ ತರಬೇಕಿತ್ತು. ಗಾಜಿನ ಗೋಡೆಯ ಹಿಂದೆ ಕೂತು ನೋಡುವ ಶ್ರೀಮಂತರ ಕೋಣೆಗಳಿಗೂ ಇದೇ ನಿಯಮ ತಗುಲಿದಾಗ ಕ್ಲಬ್ಬುಗಳಿಗೆ ಚುರುಕು ಮುಟ್ಟಿತು. ಮರು ವರ್ಷವೇ ತಿದ್ದುಪಡಿಯಾಗಿ ಆ ಕೋಣೆಗಳ ನಿಷೇಧ ಪಂದ್ಯದ ಹಿಂದು ಮುಂದಿನ ಹದಿನೈದು ಹದಿನೈದು ನಿಮಿಷಕ್ಕೆ ಇಳಿಯಿತು. ವಿರಾಮದಲ್ಲಿ ಗಾಜಿಗೆ ಪರದೆ ಎಳೆದು ಗ್ಲಾಸು ಎತ್ತುವ ಪದ್ಧತಿ ಹುಟ್ಟಿದ್ದು ಹೀಗೆ. ಮಡಿವಂತರ ಮನೆಯಲ್ಲಿ ಬಾಗಿಲು ಮುಚ್ಚಿ ಈರುಳ್ಳಿ ಬಜ್ಜಿ ತಿಂದಂತೆ.

ನಾಲ್ಕು ವರ್ಷದ ನಂತರ ಹಿಲ್ಸ್‌ಬರೋ. 1989ರ ಏಪ್ರಿಲ್ 15, ಶೆಫೀಲ್ಡ್, ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವಿನ ಸೆಮಿಫೈನಲ್. ನಿಂತು ನೋಡುವ ಟಿಕೆಟ್ ಪಡೆದ 10,100 ಲಿವರ್‌ಪೂಲ್ ಬೆಂಬಲಿಗರಿಗೆ ಇದ್ದದ್ದು ಏಳು ತಿರುಗುಗೇಟು. ಹೊರಗೆ ಒತ್ತಡ ಹೆಚ್ಚಿದಾಗ 2.52ಕ್ಕೆ ಪೊಲೀಸರ ಆದೇಶದಂತೆ ದೊಡ್ಡ ಬಾಗಿಲೊಂದನ್ನು ತೆರೆಯಲಾಯಿತು. ಒಳಗೆ ಬಂದವರಿಗೆ ಎದುರಿಗೆ ಕಂಡದ್ದು ಒಂದು ಸುರಂಗದಂಥ ದಾರಿ, ಅದರ ಕೊನೆಗೆ ಆಗಲೇ ತುಂಬಿ ತುಳುಕುತ್ತಿದ್ದ ಎರಡು ದೊಡ್ಡಿಗಳು, ಮುಂದೆ ಉಕ್ಕಿನ ಬೇಲಿ. ಸತ್ತವರು 97. ಕುಡಿದ ಮತ್ತಿನಲ್ಲಿ ಜನ ಬಾಗಿಲು ಮುರಿದು ನುಗ್ಗಿದರೆಂಬ ಸುಳ್ಳು ಹೆಣಗಳು ತಣ್ಣಗಾಗುವ ಮೊದಲೇ ಹೊರಟಿತು. ಸತ್ತವರ ರಕ್ತದಲ್ಲಿ ಮದ್ಯ ಎಷ್ಟಿದೆಯೆಂದು ಪರೀಕ್ಷಿಸಿದರು. ಮಕ್ಕಳನ್ನೂ ಬಿಡಲಿಲ್ಲ, ಅವರಲ್ಲಿ ಅತಿ ಚಿಕ್ಕವನಿಗೆ ಹತ್ತು ವರ್ಷ. ಕುಡಿತ ಕಾರಣವಲ್ಲ, ಪೊಲೀಸರ ನಿಯಂತ್ರಣ ಸೋತದ್ದೇ ಮುಖ್ಯ ಕಾರಣ ಎಂದು ತನಿಖೆ ನಡೆಸಿದ ನ್ಯಾಯಮೂರ್ತಿ ಪೀಟರ್ ಟೇಲರ್ ಅದೇ ಆಗಸ್ಟಿನಲ್ಲಿ ಹೇಳಿದರು. ಆದರೂ ಸುಳ್ಳು ಸಾಯಲಿಲ್ಲ. 164 ಪೊಲೀಸ್ ಹೇಳಿಕೆಗಳನ್ನು ತಿದ್ದಲಾಗಿತ್ತೆಂದು ಸ್ವತಂತ್ರ ಸಮಿತಿ ಹೊರಗೆಳೆಯಲು 2012 ಬರಬೇಕಾಯಿತು. ಇದು ಕಾನೂನುಬಾಹಿರ ಹತ್ಯೆ ಎಂಬ ತೀರ್ಮಾನಕ್ಕೆ 2016.

ಕನ್ನಡ ಓದುಗರಿಗೆ ಇಲ್ಲಿ ಚಿನ್ನಸ್ವಾಮಿ ನೆನಪಾಗದೆ ಇರದು. 2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವಕ್ಕೆ ಬಂದ 11 ಮಂದಿ ಆ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ ಸತ್ತರು. ನ್ಯಾಯಮೂರ್ತಿ ಜಾನ್ ಮೈಕಲ್ ಡಿಕುನ್ಹ ಆಯೋಗ ಬೆರಳು ಮಾಡಿದ್ದು ಗೇಟು, ರಸ್ತೆ, ವಿನ್ಯಾಸಗಳ ಕಡೆಗೂ. ಭಾರಿ ಜನಸಂದಣಿಗೆ ಆ ಜಾಗವೇ ಸುರಕ್ಷಿತವಲ್ಲ ಎಂದಿತು. ಗೆದ್ದ ತಂಡದ ಹೆಸರು ಬಂದದ್ದು ಒಂದು ವಿಸ್ಕಿಯಿಂದ ಎಂಬುದು ಬೇರೆ ಮಾತು.

ಹಿಲ್ಸ್‌ಬರೋ ಬಗ್ಗೆ ಟೇಲರ್ ಅವರ ಅಂತಿಮ ವರದಿ 1990ರ ಜನವರಿಯಲ್ಲಿ ಬಂತು. ಅದರಲ್ಲಿ 76 ಶಿಫಾರಸುಗಳು. ಬೇಲಿ ಇಳಿಯಲಿ, ಎಲ್ಲರಿಗೂ ಕುರ್ಚಿ ಇರಲಿ ಎಂಬುದು ಅದರ ಸಾರ. ಮೇಲಿನ ಎರಡು ಡಿವಿಷನ್ನುಗಳ ಕ್ಲಬ್ಬುಗಳಿಗೆ 1994ರ ಆಗಸ್ಟ್ ಗಡುವು ಸಿಕ್ಕಿತು. ಫುಟ್‌ಬಾಲ್ ಪೂಲ್ಸ್ ಎಂಬ ಬಾಜಿಯ ಮೇಲಿನ ಸುಂಕವನ್ನು ಶೇ 2.5ರಷ್ಟು ಇಳಿಸಿ, ಉಳಿದ ಹಣವನ್ನು ಸರ್ಕಾರ ಮೈದಾನಗಳ ದುರಸ್ತಿಗೆ ತಿರುಗಿಸಿತು. ಕುರ್ಚಿ ಹಾಕಿದ ಮಾತ್ರಕ್ಕೆ ಟಿಕೆಟ್ ದುಬಾರಿಯಾಗಬೇಕಿಲ್ಲ ಎಂದು ಟೇಲರ್ ನಂಬಿದ್ದರು. ಗ್ಲ್ಯಾಸ್ಗೋದ ಐಬ್ರಾಕ್ಸ್‌ನಲ್ಲಿ ಕೂರಲು 6 ಪೌಂಡ್, ನಿಲ್ಲಲು 4 ಪೌಂಡ್ ಎಂದು ಉದಾಹರಣೆ ಕೊಟ್ಟಿದ್ದರು. ಪಾಪ, 1992ರಲ್ಲಿ ಪ್ರೀಮಿಯರ್ ಲೀಗ್ ಬರಲಿದೆ ಎಂಬುದು ಅವರ ಲೆಕ್ಕದಲ್ಲಿರಲಿಲ್ಲ.

ಮುಂದಿನ ಮೂವತ್ತು ವರ್ಷ ಕಟ್ಟುವ ಕಾಲ. ಹಡರ್ಸ್‌ಫೀಲ್ಡ್, ಮಿಡಲ್ಸ್‌ಬರೋ, ಬೋಲ್ಟನ್, ಸೌತಾಂಪ್ಟನ್ ಒಂದೊಂದೇ ಹಳೆ ಮನೆ ಬಿಟ್ಟವು. 2006ರಲ್ಲಿ ಆರ್ಸೆನಲ್ 60 ಸಾವಿರದ ಎಮಿರೇಟ್ಸ್‌ಗೆ ಹೋಯಿತು. ಅದರ ಹಳೆಯ ಮೈದಾನ ಹೈಬರಿಯ ಸ್ಟ್ಯಾಂಡುಗಳು ಅಪಾರ್ಟ್‌ಮೆಂಟುಗಳಾದವು. ಮರುವರ್ಷ ತೆರೆದ ಹೊಸ ವೆಂಬ್ಲಿಯಲ್ಲಿ 90 ಸಾವಿರ ಆಸನ, 2,618 ಶೌಚಾಲಯ. ಈ ಎರಡನೆಯ ಅಂಕಿಯನ್ನು ನಗಬೇಡಿ. ಬಿಯರ್ ಮಾರುವವನು ಲೆಕ್ಕ ಹಾಕಲೇಬೇಕಾದ ಅಂಕಿ ಅದು.

ಈ ಹೊಸ ಕಟ್ಟಡಗಳೊಳಗೆ ಒಂದು ಪಲ್ಲಟ ನಡೆದಿತ್ತು. ಹೆಂಡ ಕುಡಿಯುವ ಅಭಿಮಾನಿ 1985ರಲ್ಲಿ ಆರೋಪಿ. ಈಗ ಅವನೇ ಗಿರಾಕಿ. ಮೂಲೆಯ ಪಬ್ಬಿಗೆ ಹೋಗುತ್ತಿದ್ದ ದುಡ್ಡು ಕ್ಲಬ್ಬಿನ ಗಲ್ಲಾಪೆಟ್ಟಿಗೆಗೆ ಬರಬೇಕಾದರೆ ಅವನನ್ನು ಬೇಗ ಒಳಗೆ ಕರೆತರಬೇಕು, ತಡವಾಗಿ ಹೊರಗೆ ಕಳಿಸಬೇಕು. 2019ರ ಏಪ್ರಿಲ್‌ನಲ್ಲಿ ತೆರೆದ ಟಾಟನ್‌ಹ್ಯಾಮ್ ಸ್ಟೇಡಿಯಂ ಈ ಯೋಚನೆಯ ಶಿಖರ. 17,500 ಮಂದಿ ಕೂರುವ ಒಂದೇ ಇಳಿಜಾರಿನ ದಕ್ಷಿಣ ಸ್ಟ್ಯಾಂಡು, ಅದರ ಬೆನ್ನಿಗೆ 65 ಮೀಟರ್ ಉದ್ದದ ಬಾರು, ಕಟ್ಟಡದೊಳಗೇ ಬಿಯರ್ ತಯಾರಿಕೆ. ಗ್ಲಾಸು ಅಲ್ಲಿ ತಳದಿಂದ ತುಂಬುತ್ತದೆ. ಯಂತ್ರದ ಮೇಲೆ ಕೂರಿಸಿದರೆ ತಳದ ತೂತಿನಿಂದ ಬಿಯರ್ ಏರುತ್ತದೆ, ಎತ್ತಿದಾಗ ಅಯಸ್ಕಾಂತದ ಬಿಲ್ಲೆಯೊಂದು ತೂತನ್ನು ಮುಚ್ಚಿಕೊಳ್ಳುತ್ತದೆ. ಇಷ್ಟು ಅವಸರ ಏಕೆಂದರೆ 1985ರ ಕಾಯ್ದೆ ಇನ್ನೂ ಜೀವಂತವಾಗಿದೆ. ಬಾರು ಇರಬೇಕಾದದ್ದು ಸ್ಟ್ಯಾಂಡಿನ ಹಿಂದೆ, ಅಂಕಣ ಕಾಣದ ಕಡೆ. ಸಾವಿರಾರು ಜನ ಹದಿನೈದು ನಿಮಿಷದ ವಿರಾಮದಲ್ಲಿ ಕೆಳಗಿಳಿದು, ಸಾಲು ನಿಂತು, ಕುಡಿದು, ಶೌಚ ಮುಗಿಸಿ ವಾಪಸಾಗಬೇಕು. ನಿಧಾನವಾಗಿ ಗುಟುಕರಿಸುವವನನ್ನು ಗಟಗಟ ಸುರಿದುಕೊಳ್ಳುವವನನ್ನಾಗಿ ಮಾಡಿದ್ದು ಈ ನಿಯಮವೇ ಎಂಬ ದೂರಿನಲ್ಲಿ ಹುರುಳಿದೆ ಎಂದು ನನಗನಿಸುತ್ತದೆ.

ಪರವಾನಗಿಯ ವ್ಯವಸ್ಥೆಯೂ ಈ ನಡುವೆ ಬದಲಾಯಿತು. 2003ರ ಲೈಸೆನ್ಸಿಂಗ್ ಕಾಯ್ದೆ 2005ರ ನವೆಂಬರಿನಲ್ಲಿ ಜಾರಿಗೆ ಬಂದು ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಂದ ಸ್ಥಳೀಯ ಆಡಳಿತಕ್ಕೆ ವರ್ಗಾಯಿಸಿತು. ಅಪರಾಧ ತಡೆ, ಸುರಕ್ಷತೆ, ನೆರೆಹೊರೆಗೆ ಉಪದ್ರವವಾಗದಿರುವುದು, ಮಕ್ಕಳ ರಕ್ಷಣೆ, ಈ ನಾಲ್ಕೇ ಅವರು ನೋಡಬೇಕಾದದ್ದು. ಪಂದ್ಯದ ದಿನ ಎಷ್ಟು ಹೊತ್ತು ಮಾರಾಟ, ಗಾಜೋ ಪ್ಲಾಸ್ಟಿಕ್ಕೋ ಎಂಬುದೆಲ್ಲ ಈಗ ಕಾಗದದ ಷರತ್ತುಗಳಲ್ಲಿ ತೀರ್ಮಾನವಾಗುತ್ತದೆ.

ಕ್ರಿಕೆಟ್ ಪ್ರೇಮಿಗೆ ಇದೆಲ್ಲ ವಿಚಿತ್ರವೆನಿಸಬಹುದು. ಲಾರ್ಡ್ಸ್‌ಗೆ ಹೋಗುವವರು ಮನೆಯಿಂದಲೇ ಒಂದು ಬಾಟಲಿ ವೈನನ್ನೋ ಎರಡು ಡಬ್ಬಿ ಬಿಯರನ್ನೋ ಬುಟ್ಟಿಯಲ್ಲಿಟ್ಟುಕೊಂಡು ಹೋಗಬಹುದು, ಹುಲ್ಲು ನೋಡುತ್ತಲೇ ಕುಡಿಯಬಹುದು. ಜರ್ಮನಿಯ ಫುಟ್‌ಬಾಲ್ ಮೈದಾನಗಳಲ್ಲಿ ನಿಂತುಕೊಂಡೇ ಬಿಯರ್ ಹೀರುತ್ತಾರೆ. ಡಾರ್ಟ್‌ಮುಂಡಿನ ದಕ್ಷಿಣ ಇಳಿಜಾರಿನಲ್ಲಿ ಹೀಗೆ ನಿಲ್ಲುವವರು ಸುಮಾರು 25 ಸಾವಿರ. ಫಿಫಾದ ಲೆಕ್ಕಾಚಾರವೇ ಬೇರೆ: ಮೈದಾನದಲ್ಲಿ ಮದ್ಯ ನಿಷೇಧಿಸಿದ್ದ ಬ್ರೆಜಿಲ್ 2014ರ ವಿಶ್ವಕಪ್ಪಿಗಾಗಿ ಪ್ರಾಯೋಜಕರ ಬಿಯರಿಗೆ ದಾರಿ ಬಿಡಬೇಕಾಯಿತು, ಕತಾರ್ ಮಾತ್ರ 2022ರಲ್ಲಿ ಮೊದಲ ಪಂದ್ಯಕ್ಕೆ ಎರಡು ದಿನ ಇರುವಾಗ ಬಾಗಿಲು ಹಾಕಿತು.

ಹಾಗೆಂದು ಮದ್ಯವೇನೂ ಮಾಡದು ಎನ್ನಲಾಗದು. 2021ರ ಜುಲೈ 11ರಂದು ಯೂರೋ ಫೈನಲ್ಲಿಗೆ ವೆಂಬ್ಲಿಯ ಸುತ್ತ ಬೆಳಗಿನಿಂದಲೇ ಕುಡಿದು ನೆರೆದವರಲ್ಲಿ ಸುಮಾರು ಎರಡು ಸಾವಿರ ಮಂದಿ ಟಿಕೆಟ್ ಇಲ್ಲದೆ ಒಳನುಗ್ಗಿದರು. ಸಾವುಗಳು ಸ್ವಲ್ಪದರಲ್ಲಿ ತಪ್ಪಿದವೆಂದು ಆ ದಿನದ ಬಗ್ಗೆ ಲೂಯಿಸ್ ಕೇಸಿ ಅವರ ತನಿಖಾ ವರದಿ ಎಚ್ಚರಿಸಿತು. ಗಮನಿಸಿ, ಆ ಕುಡಿತವೆಲ್ಲ ನಡೆದದ್ದು ಕಾಯ್ದೆಯ ಕಣ್ಣು ಹೋಗದ ಬೀದಿಯಲ್ಲಿ.

ಅದೇ ವರ್ಷದ ನವೆಂಬರಿನಲ್ಲಿ ಸಂಸದೆ ಟ್ರೇಸಿ ಕ್ರೌಚ್ ಅವರ ಫುಟ್‌ಬಾಲ್ ಪರಿಶೀಲನಾ ವರದಿ, ಕೆಳ ಹಂತದ ಕ್ಲಬ್ಬುಗಳಲ್ಲಿ ಆಸನದಲ್ಲೇ ಕುಡಿಯುವುದನ್ನು ಪ್ರಯೋಗವಾಗಿ ನೋಡೋಣ ಎಂದಿತು. ಟಿವಿ ಹಣವಿಲ್ಲದ ಆ ಕ್ಲಬ್ಬುಗಳಿಗೆ ಬಾರಿನ ಆದಾಯವೇ ಅನ್ನ. 2022ರಲ್ಲಿ ನಿಂತು ನೋಡುವ ಹಕ್ಕು ಕಂಬಿ ಹಾಕಿದ ಆಸನಗಳ ರೂಪದಲ್ಲಿ ವಾಪಸು ಬಂತು. ಬಿಯರ್ ಬರಲಿಲ್ಲ. ಬಂದದ್ದು ಮಹಿಳಾ ಫುಟ್‌ಬಾಲಿಗೆ. 1985ರ ಕಾಯ್ದೆ ಮಹಿಳೆಯರ ಪಂದ್ಯಗಳಿಗೆ ಅನ್ವಯಿಸುವುದೇ ಇಲ್ಲ, ಲೀಗ್ ತಾನಾಗಿ ಆ ನಿಯಮ ಪಾಲಿಸುತ್ತಿತ್ತು. 2025ರ ಜನವರಿಯಲ್ಲಿ ಎರಡನೇ ಹಂತದ ನಾಲ್ಕು ಕ್ಲಬ್ಬುಗಳಲ್ಲಿ ಅದನ್ನು ಸಡಿಲಿಸಿದರು. ಮುಂದಿನ ಋತುವಿನಲ್ಲಿ ಪ್ರಯೋಗ ಇನ್ನಷ್ಟು ಕ್ಲಬ್ಬುಗಳಿಗೆ ಹಬ್ಬಿತು.

ಆ ನಾಲ್ಕರಲ್ಲಿ ಒಂದು ಬ್ರಿಸ್ಟಲ್ ಸಿಟಿ. ಅದರ ಆ್ಯಷ್ಟನ್ ಗೇಟ್ ಸ್ಟೇಡಿಯಂ ಕಳೆದ ದಶಕದಲ್ಲಿ ಹೊಸದಾಗಿ ಕಟ್ಟಿಸಿಕೊಂಡು 27 ಸಾವಿರ ಜನರಿಗೆ ಸಾಕಾಗುವಷ್ಟು ಬೆಳೆದಿದೆ. ರಗ್ಬಿ ತಂಡವೂ ಅಲ್ಲೇ ಆಡುತ್ತದೆ. ಶುಕ್ರವಾರ ರಗ್ಬಿ ಇದ್ದರೆ ಕುರ್ಚಿಯಲ್ಲಿ ಕೂತು ಬಿಯರ್ ಕುಡಿಯಬಹುದು, ಭಾನುವಾರ ಮಹಿಳಾ ಪಂದ್ಯವಿದ್ದರೆ ಆಗಲೂ ಕುಡಿಯಬಹುದು. ನಡುವಿನ ಶನಿವಾರ ಪುರುಷರ ಪಂದ್ಯ. ಕುರ್ಚಿ ಅದೇ, ಕೆಳಗಿನ ನಲ್ಲಿಯಿಂದ ಬರುವ ಬಿಯರೂ ಅದೇ. ಮೆಟ್ಟಿಲು ಹತ್ತುವ ಮೊದಲು ಗ್ಲಾಸು ಮಾತ್ರ ಕೆಳಗೇ ಇಟ್ಟು ಬರಬೇಕು.